ಹೊಳೆಯ ದರೆ ಕೊರೆಯುವ ಹೊರನಾಡಿನ ಜೀವಿಗಳು

ದೀಪಾವಳಿ ಕಳೆದು ತೋಡಿನ ನೀರು ಇಳಿಯುತ್ತ ಬರುವಾಗ ನಮ್ಮ ಕಡೆಯ ಕೃಷಿಕರಿಗೆ ಕಟ್ಟದ ಚಿಂತೆ ಹತ್ತುವುದು. ಕಲ್ಲು, ಮಣ್ಣು, ಕಂಗಿನ ಮರ, ಸೋಗೆ ಇಷ್ಟಿದ್ದರೆ ಹತ್ತು ಜನ ಸೇರಿ ಕಟ್ಟ ಕಟ್ಟಿ ಮುಗಿಸುವುದುಂಟು. ಆದರೆ ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಕೆಲವೊಮ್ಮೆ ನೀರು ನಿಂತಿರುವುದಿಲ್ಲ. ಕಟ್ಟದಲ್ಲಿ ದೋಷವೇನೂ ಇರದು. ಬದಿಯ ದರೆಯಲ್ಲಿ ಏಡಿಯ ಮಾಟೆ. ಹೆಬ್ಬೆರಳು ಹೋಗುವಷ್ಟು ಸಣ್ಣ ಮಾಟೆಯಿಂದ ಹೊರಟ ನೀರು ಮೂರು ದಿನದಲ್ಲಿ ಕೊಡಪಾನ ಹಿಡಿಸುವ ಒಟ್ಟೆ ಮಾಡಿಬಿಟ್ಟದ್ದನ್ನು ನಾವು ನಮ್ಮ ತೋಟದ ಬದಿಯಲ್ಲೇ ಕಂಡಿದ್ದೇವೆ.

ಏಡಿ ನಮ್ಮ ನೆಲದ ಜೀವಿಯೇ. ಅದನ್ನು ಹಿಡಿದು ತಿನ್ನಲು ನೀರುನಾಯಿಯಿದೆ, ಹಕ್ಕಿಗಳಿವೆ, ಮನುಷ್ಯರೂ ಇದ್ದಾರೆ. ಆದುದರಿಂದ ಅದರ ಉಪದ್ರವ ಒಂದು ಮಿತಿಯಲ್ಲಿ ಉಳಿದಿದೆ. ಹೀಗೆ ಹಿಡಿದು ತಿನ್ನುವವರಿಲ್ಲದ ಒಂದು ಪರದೇಶದ ಜೀವಿ ಬಂದು ನಮ್ಮ ದರೆಯನ್ನು ಕೊರೆಯತೊಡಗಿದರೆ ಏನಾದೀತು?

ಈ ಪ್ರಶ್ನೆ ಬಂದುದು ನಮ್ಮ ಶಾಲೆಯ ಒಬ್ಬ ಹುಡುಗನಿಂದ. ಅವನು ಒಂದು ದಿನ ಬಾಲ್ದಿಯಲ್ಲಿ ಗೇಣುದ್ದದ ಕಪ್ಪು ಮೀನೊಂದನ್ನು ತಂದು, "ಮಾಷ್ಟ್ರೇ, ಇದು ದೊಡ್ಡದಾಯಿತು, ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ತೋಡಿಗೆ ಬಿಡಲೇ?" ಎಂದು ಕೇಳಿದನು. ಅದು ಅಂಗಡಿಯಲ್ಲಿ ಮಾರುವ ಸಕ್ಕರ್ ಮೀನು. ಗಾಜಿಗೆ ಹಿಡಿದ ಪಾಚಿ ತಿಂದು ಚೊಕ್ಕಟ ಮಾಡುವುದೆಂದು ಜನ ಅದನ್ನು ತರುತ್ತಾರೆ. ತರುವಾಗ ಬೆರಳಿನಷ್ಟಿದ್ದುದು ಬೆಳೆದು ಮೊಳದುದ್ದವೂ ಆಗಬಲ್ಲುದು. ಹುಡುಗನ ಮನಸ್ಸಿನಲ್ಲಿದ್ದುದು ದಯೆ. ಆದರೆ ಆ ದಯೆಯಿಂದ ಊರಿಗೆ ಕೇಡಾಗುವ ಸಂಭವವಿದೆಯೆಂದು ಅವನಿಗೆ ಹೇಳಿದೆವು. ಅವನಿಗೆ ಹೇಳಿದುದನ್ನೇ ವಾಚಕರಿಗೂ ಹೇಳುತ್ತೇವೆ.

ಸಕ್ಕರ್ ಮೀನಿನ ತವರು ದಕ್ಷಿಣ ಅಮೆರಿಕ. ಗಂಡು ಮೀನು ಹೊಳೆಯ ದರೆಯಲ್ಲಿ ಮೂರು ನಾಲ್ಕು ಅಡಿ ಆಳದ ಮಾಟೆ ಕೊರೆಯುವುದು. ಹೆಣ್ಣು ಅದರಲ್ಲಿ ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಕಾವಲು ಕಾಯುವುದು. ಒಂದೇ ಕಡೆ ಹತ್ತಾರು ಮಾಟೆಗಳು ಸಾಲಾಗಿರುವುದೂ ಉಂಟು. ಮೈಮೇಲೆ ಎಲುಬಿನಂಥ ಗಟ್ಟಿ ಹಲ್ಲೆಗಳಿರುವುದರಿಂದ ಹಕ್ಕಿಯಾಗಲಿ ನೀರುನಾಯಿಯಾಗಲಿ ಇದನ್ನು ಸುಲಭವಾಗಿ ತಿನ್ನಲಾರವು. ನೀರಿನಿಂದ ಹೊರಗೆ ತೆಗೆದರೂ ಗಂಟೆಗಟ್ಟಲೆ ಬದುಕುವುದು. ಮೆಕ್ಸಿಕೊ ದೇಶದಲ್ಲಿಯೂ ಅಮೆರಿಕದ ಫ್ಲಾರಿಡಾ, ಟೆಕ್ಸಾಸ್ ರಾಜ್ಯಗಳಲ್ಲಿಯೂ ಹೀಗೆ ಸಾಕಿ ಬಿಟ್ಟ ಮೀನು ಹೆಚ್ಚಿ, ಕೆರೆ ಹೊಳೆಗಳ ದರೆಗಳು ಜರಡಿಯಂತಾಗಿವೆ. ಇದೆಲ್ಲ ದೂರದ ಮಾತೆಂದು ತಿಳಿಯಬಾರದು. ನಮ್ಮದೇ ರಾಜ್ಯದ ತಿರುವನಂತಪುರದ ಚಾಕ ತೋಡಿನಲ್ಲಿ ಈ ಜಾತಿಯ ಮೀನು ನೆಲೆಸಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ಇಂಗ್ಲೆಂಡಿನ ಕಥೆ ಇನ್ನೂ ಬೋಧಪ್ರದವಾಗಿದೆ. 1970ರ ದಶಕದಲ್ಲಿ ಅಲ್ಲಿಯ ಕೃಷಿಕರು ಲಾಭಕ್ಕೆಂದು ಉತ್ತರ ಅಮೆರಿಕ ಮೂಲದ ಸಿಗ್ನಲ್ ಕ್ರೇಫಿಶ್ ಎಂಬ ಜೀವಿಯನ್ನು ತರಿಸಿ ಕೆರೆಗಳಲ್ಲಿ ಸಾಕಿದರು. ನೋಡಲು ದೊಡ್ಡ ಸಿಗಡಿ. ಮುಂಗಾಲುಗಳು ಮಾತ್ರ ಏಡಿಯ ಇಕ್ಕುಳದಂತೆ. ಕೆರೆಯಿಂದ ತಪ್ಪಿಸಿಕೊಂಡ ಅವು ಹೊಳೆ ಸೇರಿ ದರೆಗಳಲ್ಲಿ ಮಾಟೆ ಕೊರೆದುವು. ನೆನ್ ನದಿಯ ಒಂದು ಕವಲಿನಲ್ಲಿ ವಿಜ್ಞಾನಿಗಳು ನೀರಿನ ಕದಡನ್ನು ಅಳೆದಾಗ, ಮಳೆಯಿಲ್ಲದ ದಿನಗಳಲ್ಲಿಯೂ ರಾತ್ರಿಯಾಗುತ್ತಲೇ ನೀರು ಕದಡುತ್ತಿದ್ದುದು ಕಂಡುಬಂತು. ಆ ಜೀವಿ ಕೆಲಸಕ್ಕೆ ಹೊರಡುವುದು ರಾತ್ರಿಯಲ್ಲಿ. ಚೀನದ ಒಂದು ಜಾತಿಯ ಏಡಿಯೂ ಹಡಗಿನ ನೀರಿನೊಡನೆ ಬಂದು, 1912ರಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡು, ಅಲ್ಲಿಂದ ಯೂರೋಪಿನ ಅನೇಕ ಹೊಳೆಗಳ ದರೆ ಕೊರೆದಿದೆ.

ಮಾಟೆಯಿಂದ ದರೆ ಕುಸಿಯುವ ಬಗೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ಗುಡ್ಡೆ ಮುರಕಲ್ಲಿನದಾದರೂ ಹೊಳೆಬದಿಯ ತೋಟ ನಿಂತಿರುವುದು ಮೆಕ್ಕಲು ಮಣ್ಣಿನ ಮೇಲೆ. ಮಳೆಗಾಲದಲ್ಲಿ ನೀರು ಏರಿದಾಗ ಮಾಟೆಗಳೊಳಗೆ ನುಗ್ಗಿ ಮಣ್ಣು ನೆನೆಯುವುದು. ನೀರು ಇರುವ ತನಕ ಅದೇ ದರೆಗೆ ಆನಿಕೆ. ನೀರು ಸರ್ರನೆ ಇಳಿದೊಡನೆ ನೆನೆದು ಭಾರವಾದ ದರೆಗೆ ಹೊರಗಿನಿಂದ ಆಧಾರವಿಲ್ಲ, ಒಳಗೆ ಮಾಟೆಗಳಿಂದ ಟೊಳ್ಳು. ಆಗ ಅದು ಮರಸಮೇತ ಜಾರುವುದು. ದರೆ ಬೀಳುವುದು ಅನೇಕ ಸಲ ನೆರೆಯ ದಿನವಲ್ಲ, ನೆರೆ ಇಳಿದ ಮರುದಿನ, ಎಂಬುದನ್ನು ಹಿರಿಯ ಕೃಷಿಕರು ಬಲ್ಲರು. ಬಿದ್ದ ಮಣ್ಣಿನಲ್ಲಿ ನಯವಾದುದು ಅಳಿವೆಯವರೆಗೆ ತೇಲಿ ಹೋಗುವುದು. ಒರಟಾದುದು ಸಮೀಪದ ಕಯದಲ್ಲಿ ತಂಗುವುದು. ಕಯ ತುಂಬಿದರೆ ಬೇಸಗೆಯಲ್ಲಿ ಕಟ್ಟದೊಳಗೆ ನಿಲ್ಲುವ ನೀರೂ ಅಷ್ಟು ಕಡಿಮೆ. ಮೇಲಿನವನ ತೋಟದ ಮಣ್ಣು ಕೆಳಗಿನವನ ನೀರನ್ನು ಕಸಿದುಕೊಳ್ಳುತ್ತದೆ.

ದರೆ ಕೊರೆಯದ ಮೀನುಗಳೂ ಕೆಸರೆಬ್ಬಿಸುವುದುಂಟು. 1939ರಲ್ಲಿ ಶ್ರೀಲಂಕೆಯಿಂದ ನೀಲಗಿರಿಗೆ ತಂದ ಸಾಮಾನ್ಯ ಗೆಂಡೆ ಕೆಸರಿನ ಅಡಿಯನ್ನು ಮೂತಿಯಿಂದ ಕೆದಕಿ ತಿನ್ನುವುದು. 1952ರಲ್ಲಿ ನಮ್ಮ ದೇಶಕ್ಕೆ ಬಂದ ತಿಲಾಪಿಯದ ಗಂಡು ಅಡಿಮಣ್ಣಿನಲ್ಲಿ ತಟ್ಟೆಯಂಥ ಗುಂಡಿ ತೋಡಿ ಗೂಡು ಮಾಡುವುದು. ಹೀಗೆ ಎದ್ದ ಕೆಸರು ಬೇರೆ ಮೀನುಗಳ ಮೊಟ್ಟೆಯ ಮೇಲೆ ಕುಳಿತು ಅವನ್ನು ಕೆಡಿಸಬಲ್ಲುದು. 2018ರ ದೊಡ್ಡ ನೆರೆಯಲ್ಲಿ ಸಾಕಣೆಯ ಕೆರೆಗಳು ತುಂಬಿ ಹರಿದುದರಿಂದ, ಅಮೆಜಾನಿನ ಅರಪೈಮ ಮೀನು ಚಾಲಕುಡಿ ಹೊಳೆಯಲ್ಲಿ ಬಲೆಗೆ ಬಿದ್ದಿತು. ಕೆರೆಯ ಮೀನು ಹೊಳೆ ಸೇರಲು ಒಂದು ನೆರೆ ಸಾಕು.

ಹಾಗೆಂದು ಎಲ್ಲ ಪಾಪವನ್ನೂ ಮೀನು ಏಡಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೊಯಿಗೆ ತೆಗೆದು ಹೊಳೆಯ ಅಡಿಯನ್ನು ಆಳ ಮಾಡಿದವರು ನಾವೇ. ದರೆಯ ಅಂಚಿನವರೆಗೂ ಕಂಗು ನೆಡುವ ಆಸೆಯಿಂದ ಬಿದಿರು, ಮುಂಡುಗಗಳನ್ನು ಕಡಿದವರೂ ನಾವೇ. ಹೊಳೆದಂಡೆಯ ರಕ್ಷಣೆಗೂ ಹೊಯಿಗೆಯ ನಿಯಂತ್ರಣಕ್ಕೂ ಕೇರಳದಲ್ಲಿ 2001ರಲ್ಲಿಯೇ ಕಾಯಿದೆಯಾಗಿದೆ. ಬೇರಿಲ್ಲದ ದರೆಯನ್ನು ಕೊರೆಯುವುದು ಯಾವ ಜೀವಿಗೂ ಸುಲಭ. ಮನುಷ್ಯನು ಅರ್ಧ ಮಾಡಿಟ್ಟ ಕೆಲಸವನ್ನು ಹೊರನಾಡಿನ ಜೀವಿ ಪೂರೈಸುವುದು.

ಇನ್ನು ಮಾಡಬೇಕಾದುದೇನು? ನಮಗೆ ತಿಳಿದಷ್ಟನ್ನು ಹೇಳುತ್ತೇವೆ.

ಒಂದು: ಸಾಕಿದ ಬಣ್ಣದ ಮೀನು, ಸಕ್ಕರ್ ಮೀನು, ಕ್ರೇಫಿಶ್ ಮುಂತಾದುವನ್ನು ತೋಡು, ಹೊಳೆ, ಮದಕ, ದೇವಸ್ಥಾನದ ಕೆರೆ ಯಾವುದಕ್ಕೂ ಬಿಡಬಾರದು. ಸಾಕಲಾರದಿದ್ದರೆ ಅಂಗಡಿಗೇ ಹಿಂದಕ್ಕೆ ಕೊಡಬೇಕು.

ಎರಡು: ಬಲೆಯಲ್ಲಿ ಅಪರಿಚಿತ ಮೀನು ಸಿಕ್ಕಿದರೆ ಪುನಃ ನೀರಿಗೆ ಎಸೆಯಬಾರದು. ಅದನ್ನು ಮೀನುಗಾರಿಕೆ ಇಲಾಖೆಯವರಿಗೆ ತೋರಿಸಬೇಕು.

ಮೂರು: ಮೀನು ಸಾಕುವವರು ಕೆರೆಯ ಬದುವನ್ನು ನೆರೆಯ ಮಟ್ಟಕ್ಕಿಂತ ಎತ್ತರಿಸಿ, ನೀರು ಹೊರಹೋಗುವಲ್ಲಿ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಹೊಳೆಗೆ ಹತ್ತಿರವಾದ ಕೆರೆಯಲ್ಲಿ ಪರದೇಶದ ಜಾತಿ ಬೇಡವೇ ಬೇಡ.

ನಾಲ್ಕು: ದರೆಯ ಅಂಚಿನಲ್ಲಿ ಒಂದೆರಡು ಕೋಲು ಅಗಲದ ಜಾಗವನ್ನು ಹೊಳೆಗೇ ಬಿಟ್ಟು ಬಿದಿರು, ಹೊಂಗೆ, ಮುಂಡುಗ, ಲಾವಂಚ ಬೆಳೆಸಬೇಕು. ಒಂದು ಸಾಲು ಕಂಗು ಕಡಿಮೆಯಾದೀತು; ಉಳಿದ ಸಾಲುಗಳು ಉಳಿದಾವು.

ಐದು: ಕಟ್ಟ ಕಟ್ಟುವ ಮೊದಲು ಎರಡೂ ಬದಿಯ ದರೆಯಲ್ಲಿ ಮಾಟೆಗಳನ್ನು ಹುಡುಕಿ, ಬುಡದ ತನಕ ಅಗೆದು, ಜೇಡಿಮಣ್ಣನ್ನು ತುಳಿದು ಹದಮಾಡಿ ಗುದ್ದಿ ತುಂಬಬೇಕು. ಬಾಯಿ ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ.

ಶಾಲೆಯ ಮಕ್ಕಳಿಗೂ ಒಂದು ಕೆಲಸವಿದೆ. ವಾರಕ್ಕೊಮ್ಮೆ ತೋಡಿನ ನೀರನ್ನು ಗಾಜಿನ ಕುಪ್ಪಿಯಲ್ಲಿ ತುಂಬಿ ಒಂದು ರಾತ್ರಿ ಅಲುಗಿಸದೆ ಇಡಬೇಕು. ಅಡಿಯಲ್ಲಿ ತಂಗಿದ ಮಣ್ಣನ್ನು ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಮಳೆಯಿಲ್ಲದ ವಾರದಲ್ಲಿಯೂ ಮಣ್ಣು ಹೆಚ್ಚಿದರೆ ತೋಡಿನ ಬದಿಯಲ್ಲೇ ಮೇಲಕ್ಕೆ ನಡೆದು ಕಾರಣವನ್ನು ಹುಡುಕಬೇಕು.

ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ, ಸುಳ್ಯದ ಮೇಲಿಂದ ಬಂದು, ನಮ್ಮಲ್ಲಿ ಚಂದ್ರಗಿರಿಯಾಗಿ ಕಡಲು ಸೇರುವುದು. ರಾಜ್ಯದ ಗಡಿ ನಮಗುಂಟು, ಮೀನಿಗಿಲ್ಲ. ಅಲ್ಲಿ ಬಿಟ್ಟುದು ಇಲ್ಲಿಗೆ ಬಂದೀತು. ಆದುದರಿಂದ ಅತ್ತಣ ಬಂಧುಗಳಿಗೂ ಈ ಮಾತನ್ನು ತಿಳಿಸಿರಿ. ನಮ್ಮ ತೋಡಿನಲ್ಲಿ ಸಕ್ಕರ್ ಮೀನನ್ನು ನಾವು ಈವರೆಗೆ ಕಂಡಿಲ್ಲ. ಬಂದು ನೆಲೆಸಿದ ಮೇಲೆ ಅದನ್ನು ತೆಗೆಯುವುದು ಇಂಗ್ಲೆಂಡಿನವರಿಗೂ ಅಮೆರಿಕದವರಿಗೂ ಸಾಧ್ಯವಾಗದ ಕೆಲಸ. ಬಾರದಂತೆ ನೋಡಿಕೊಳ್ಳುವುದು ಮಾತ್ರ ಒಬ್ಬ ಹುಡುಗನಿಂದಲೂ ಆಗುವ ಕೆಲಸ. ಅವನ ಮೀನು ಈಗ ನಮ್ಮ ಶಾಲೆಯ ಸಿಮೆಂಟಿನ ತೊಟ್ಟಿಯಲ್ಲಿದೆ. ಆ ತೊಟ್ಟಿಗೆ ಹೊರಹೋಗುವ ದಾರಿಯಿಲ್ಲ.