ಊರಿನ ಆರೋಗ್ಯಕ್ಕೆ ಊರಿನವರೇ ಆಸರೆ

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ಸೋಲಿಗ ಬುಡಕಟ್ಟಿನ ಜನರಿಗೆ ವೈದ್ಯಕೀಯ ಸೇವೆ ಒದಗಿಸಿದರು. ಬುಡಕಟ್ಟಿನ ಯುವತಿಯರಿಗೇ ಶುಶ್ರೂಷಾ ತರಬೇತಿ ನೀಡಿದ್ದು ಅದರ ವಿಶೇಷ. ತಮ್ಮವರೇ ಆರೈಕೆಗೆ ನಿಂತಾಗ ರೋಗಿಯ ಸಂಕೋಚ ಕಳೆಯುತ್ತದೆ. ಈ ಸೇವೆಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ನೀರಮಾನ್ವಿಯಂತಹ ಗ್ರಾಮಗಳಲ್ಲಿ ಇದೇ ಸ್ಥಾನ ಆಶಾ ಕಾರ್ಯಕರ್ತೆಯರದು. ಗರ್ಭಿಣಿಯರ ನೋಂದಣಿ, ಶಿಶುಗಳ ಲಸಿಕೆ, ಕ್ಷಯರೋಗಿಗಳ ಮಾತ್ರೆ ತಪ್ಪದಂತೆ ಅವರು ಮನೆ ಮನೆಗೆ ತೆರಳಿ ನೋಡಿಕೊಳ್ಳುತ್ತಾರೆ. ಗ್ರಾಮ ಸಭೆಯಲ್ಲಿ ಅವರನ್ನು ಸನ್ಮಾನಿಸುವುದು ಯೋಗ್ಯ. ಅದರೊಂದಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಅವರ ಮಾತನ್ನು ಮೊದಲು ಆಲಿಸಿ, ತಿಳಿಸಿದ ಕೊರತೆಗಳನ್ನು ನಡಾವಳಿಯಲ್ಲಿ ದಾಖಲಿಸುವುದು ಸದಸ್ಯರ ಹೊಣೆ. ಆ ಕೊರತೆಗಳು ನೀಗಿದಾಗಲೇ ಶಾಲಿನ ಗೌರವ ಸಾರ್ಥಕವಾಗುತ್ತದೆ.