ಮನೆಯೊಳಗಣ ಕಚೇರಿ

ನಮ್ಮ ಪೂರ್ವಿಕರಿಗೆ ಮನೆ ಬೇರೆ, ಕಚೇರಿ ಬೇರೆ ಎಂಬ ಭೇದವು ಅಷ್ಟಾಗಿ ಇರಲಿಲ್ಲ. ಶಾನುಭೋಗರು ತಮ್ಮ ಪಡಸಾಲೆಯಲ್ಲಿಯೇ ಚಾಪೆ ಹಾಸಿ, ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಊರಿನ ಲೆಕ್ಕವನ್ನು ಬರೆಯುತ್ತಿದ್ದರು. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಇಂದಿಗೂ ಗುಂಡಿಮಗ್ಗವನ್ನು ಕಾಣಬಹುದು. ನೇಕಾರನು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಗುಂಡಿಯೊಳಗೆ ಇಳಿಬಿಡುವನು. ನೂಲು ಕೈಗೆ ಎಟಕುವಷ್ಟೇ ದೂರದಲ್ಲಿರುವುದು. ದುಡಿಯುವವನ ದೇಹಕ್ಕೆ ಹೊಂದುವಂತೆ ದುಡಿಮೆಯ ಸ್ಥಳವನ್ನು ಅಣಿಮಾಡುವ ಈ ವಿವೇಕವನ್ನು ನಾವು ನಡುವೆ ಮರೆತಿದ್ದೆವು.

2020ನೆಯ ಇಸವಿ ಮಾರ್ಚಿ 25ರಿಂದ ದೇಶದಲ್ಲೆಲ್ಲ ಲಾಕ್‌ಡೌನ್ ಆದಾಗ ಆ ಮರೆವಿನ ಫಲವನ್ನು ಉಣ್ಣಬೇಕಾಯಿತು. ನಮ್ಮ ಮಗನೂ ಸೊಸೆಯೂ ಮನೆಯಿಂದಲೇ ಉದ್ಯೋಗವನ್ನು ನಡೆಸತೊಡಗಿದರು. ಮಗನು ಊಟದ ಮೇಜನ್ನು ಹಿಡಿದನು. ಕಿಟಕಿಯ ಬಳಿಯ ಬರೆಯುವ ಮೇಜು ನಮ್ಮದು. ನಿವೃತ್ತರಾದ ನಾವು ದಿನಕ್ಕೆ ಒಂದು ಗಳಿಗೆ ಅಲ್ಲಿ ಕುಳಿತರೆ ಹೆಚ್ಚು. ಸೊಸೆಯಾದರೋ ಮಂಚದ ಮೇಲೆ ಕಾಲು ಮಡಿಚಿ, ದಿಂಬಿನ ಮೇಲೆ ಲ್ಯಾಪ್‌ಟಾಪನ್ನಿಟ್ಟುಕೊಂಡು ಒಂಬತ್ತು ಗಂಟೆಗಳ ಕಾಲ ದುಡಿಯುತ್ತಿದ್ದಳು. ನಡುವೆ ಕಾಫಿಗೆಂದು ನಾವೇ ಕೂಗಿದ್ದುಂಟು. ಎರಡು ತಿಂಗಳಲ್ಲಿ ಅವಳಿಗೆ ಕತ್ತು ತಿರುಗಿಸುವುದೇ ಕಷ್ಟವಾಯಿತು. ವೈದ್ಯರು ಔಷಧವನ್ನು ಬರೆಯುವುದಕ್ಕೆ ಮೊದಲು, “ಎಲ್ಲಿ ಕುಳಿತು ಕೆಲಸ ಮಾಡುತ್ತೀಯಮ್ಮಾ?” ಎಂದು ಕೇಳಿದರು. ಅವಳು ಉತ್ತರ ಹೇಳುತ್ತಿರುವಾಗ ನಾವು ತಲೆ ತಗ್ಗಿಸಿದೆವು. ಆ ಸಂಜೆಯೇ ನಮ್ಮ ಮೇಜನ್ನು ತೆರವು ಮಾಡಿಕೊಟ್ಟೆವು.

ಅಂದಿನಿಂದ ಕಲಿತುದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಹೇಳುವೆವು.

ಮೊದಲನೆಯದು ಬೆಳಕು. ಕಿಟಕಿಯು ಪಕ್ಕದಲ್ಲಿರಬೇಕು. ಬೆನ್ನ ಹಿಂದಿದ್ದರೆ ಯಂತ್ರದ ಪರದೆಯು ಹೊಳೆದು ಅಕ್ಷರ ಕಾಣದು. ಎದುರಿಗಿದ್ದರೆ ಕಣ್ಣು ಕೋರೈಸುವುದು. ಬಲಗೈಯಿಂದ ಬರೆಯುವವರಿಗೆ ಎಡಗಡೆಯ ಬೆಳಕು ಲೇಸು. ಉತ್ತರದ ಕಿಟಕಿಯ ಬೆಳಕು ದಿನವೆಲ್ಲ ಹೆಚ್ಚುಕಡಿಮೆ ಒಂದೇ ಸಮನಾಗಿರುವುದು. ಪಶ್ಚಿಮದ ಕಿಟಕಿಗೆ ಮಧ್ಯಾಹ್ನದ ಮೇಲೆ ಬಿದಿರಿನ ತಟ್ಟಿಯನ್ನು ಇಳಿಬಿಡತಕ್ಕದ್ದು.

ಎರಡನೆಯದು ಆಸನ. ಧ್ಯಾನಕ್ಕೆ ಕೂಡುವವನ ಆಸನವು ಅತಿ ಎತ್ತರವೂ ಅತಿ ತಗ್ಗೂ ಆಗಬಾರದೆಂದು ಗೀತೆಯ ಆರನೆಯ ಅಧ್ಯಾಯವು ವಿಧಿಸಿದೆ. ಉದ್ಯೋಗಕ್ಕೂ ಅದೇ ವಿಧಿ. ಸಾಮಾನ್ಯವಾಗಿ ಮೇಜಿನ ಎತ್ತರ 28ರಿಂದ 30 ಅಂಗುಲ. ಕುಳಿತಾಗ ಮೊಣಕೈಯು ಮೇಜಿನ ಮಟ್ಟಕ್ಕೆ ಬರಬೇಕು, ಪಾದವು ಪೂರ್ಣವಾಗಿ ಊರಬೇಕು. ಎತ್ತರ ಕಡಿಮೆಯಿರುವವರು ಕುರ್ಚಿಯನ್ನು ಏರಿಸಿ ಕಾಲಡಿಗೆ ಊಟದ ಮಣೆಯನ್ನಿಟ್ಟುಕೊಂಡರೆ ಸಾಕು. ಸೊಂಟದ ಹಿಂದೆ ಸುರುಳಿ ಸುತ್ತಿದ ಟವಲು ಒಳ್ಳೆಯ ಆಧಾರ.

ಮೂರನೆಯದು ಕಣ್ಣು ಮತ್ತು ಕತ್ತು. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಕೈಗೆ ಅನುಕೂಲವಾದರೆ ಕತ್ತು ಬಾಗುವುದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರದಲ್ಲಿ ಇರುವಂತೆ ಯಂತ್ರವನ್ನು ಎತ್ತರಿಸಿ, ಬೇರೊಂದು ಕೀಲಿಮಣೆಯನ್ನು ಜೋಡಿಸಿಕೊಳ್ಳತಕ್ಕದ್ದು. ಎತ್ತರಿಸುವುದಕ್ಕೆ ನಮ್ಮ ಹಳೆಯ ನಿಘಂಟುಗಳೇ ಒದಗಿದುವು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವೊಂದನ್ನು 20 ಸೆಕೆಂಡು ನೋಡಿದರೆ ಕಣ್ಣಿಗೆ ವಿಶ್ರಾಂತಿ. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯುವುದೂ ಅವಶ್ಯ.

ಇವೆಲ್ಲಕ್ಕೂ ಹಣವು ಹೆಚ್ಚು ಬೇಡ. ನಾಲ್ಕನೆಯದಕ್ಕೆ ಹಣವೇ ಬೇಡ, ಮನಸ್ಸು ಬೇಕು. ಮನೆಯಲ್ಲಿರುವವರೆಲ್ಲ ಬಿಡುವಾಗಿರುವರೆಂಬುದು ಹಿರಿಯರ ದೊಡ್ಡ ಭ್ರಮೆ. ಅದರಲ್ಲೂ ಹೆಂಗಸರ ವಿಷಯದಲ್ಲಿ ಈ ಭ್ರಮೆ ಹೆಚ್ಚು. ಕೆಲಸದ ವೇಳೆಯು ಯಾವುದು, ಯಾರು ಯಾವಾಗ ಕರೆಯಬಹುದು ಎಂಬುದನ್ನು ಎಲ್ಲರೂ ಕುಳಿತು ನಿಶ್ಚಯಿಸಿಕೊಳ್ಳಬೇಕು. ಹಾಗೆಯೇ ವೇಳೆ ಮುಗಿದ ಮೇಲೆ ಯಂತ್ರವನ್ನು ಮುಚ್ಚಿಡುವುದು ದುಡಿಯುವವರ ಕರ್ತವ್ಯ. ಇಲ್ಲವಾದರೆ ಮನೆಯೆಲ್ಲ ಕಚೇರಿಯಾದೀತು.

ಸೊಸೆಯ ಕತ್ತುನೋವು ಕ್ರಮೇಣ ಶಮನವಾಯಿತು. ಕಿಟಕಿಯ ಬಳಿಯ ಮೇಜು ಈಗಲೂ ಅವಳದೇ. ಹನ್ನೊಂದು ಗಂಟೆಯ ಕಾಫಿಯನ್ನು ಈಗ ನಾವು ಬೆರಸುತ್ತೇವೆ. ಲೋಟವನ್ನು ಸದ್ದಿಲ್ಲದೆ ಮೇಜಿನ ಮೇಲಿಟ್ಟು ಬರುವುದನ್ನು ಅರುವತ್ತರ ವಯಸ್ಸಿನಲ್ಲಿ ಕಲಿತಿದ್ದೇವೆ.