ಊರಿನ ಹೆಸರೇ ಇಲ್ಲದ ವಿಳಾಸ

ಬೆಳಗಾವಿ ಜಿಲ್ಲೆಯ ಚಚಡಿಯಿಂದ ಪಕ್ಕದ ತಾಲ್ಲೂಕಿಗೆ ಕಾಗದ ಹಾಕಬೇಕೆಂದರೂ ಊರು, ತಾಲ್ಲೂಕು, ಜಿಲ್ಲೆ ಎಲ್ಲವನ್ನೂ ಬರೆಯಬೇಕು. ಅದೇ ಊರಿನ ಹುಡುಗ ದಂಡಿನಲ್ಲಿದ್ದರೆ ಅವನಿಗೆ ಹಾಕುವ ಕಾಗದಕ್ಕೆ ಊರೇ ಬೇಡ. ಅವನ ನಂಬರು, ಹುದ್ದೆ, ಹೆಸರು, ಪಲ್ಟನ್, ಕೊನೆಗೆ ‘ಮಾರ್ಫತ್ 56 ಎಪಿಓ’, ಅಂದರೆ ಆರ್ಮಿ ಪೋಸ್ಟ್ ಆಫೀಸ್. ಇಷ್ಟು ಬರೆದು ಡಬ್ಬಿಗೆ ಹಾಕಿದರೆ ಹುಡುಗ ಸಿಯಾಚಿನ್‌ನಲ್ಲಿದ್ದರೂ ಸೈ, ಲೆಬನಾನ್‌ನಲ್ಲಿದ್ದರೂ ಸೈ, ಟಪಾಲು ಅವನ ಕೈ ಸೇರುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಗೆ ಈ ವಿಳಾಸ ಹೊಸದಲ್ಲ. ಬೆಳಗಾವಿಯಲ್ಲಿ 1922ರಿಂದಲೂ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಕಿತ್ತೂರಿನಲ್ಲಿ 1969ರಿಂದ ಹುಡುಗಿಯರ ಸೈನಿಕ ಶಾಲೆಯೇ ಇದೆ. ಇಲ್ಲಿನ ಹಳ್ಳಿಗಳಲ್ಲಿ “ಮಗ ಎಲ್ಲಿ ಅದಾನ್ರೀ?” ಎಂದರೆ “ಐವತ್ತಾರು ಎಪಿಓದಾಗ ಅದಾನ್ರೀ” ಎಂಬ ಉತ್ತರ ಬಂದರೆ ಯಾರೂ ನಗುವುದಿಲ್ಲ. ಕಾಶ್ಮೀರದ ಆಚೆ ಆ ಹೆಸರಿನದೇ ಒಂದು ಊರಿದೆ ಎಂದು ನಂಬಿದ ಹಿರಿಯರೂ ಇದ್ದರು. ಅವರ ನಂಬಿಕೆ ಪೂರ್ತಿ ಸುಳ್ಳಲ್ಲ. ಯಾಕೆಂದರೆ ಎಲ್ಲಿದ್ದಾನೆಂದು ಹೇಳದೆಯೇ ಅವನಿಗೆ ಕಾಗದ ಮುಟ್ಟಿಸುವುದು ಹೇಗೆ ಎಂಬುದೇ ಈ ಅಂಚೆ ಬಿಡಿಸಬೇಕಿದ್ದ ಒಗಟು, ಅದಕ್ಕೆ ಸಿಕ್ಕ ಉತ್ತರವೇ ಆ ಇಲ್ಲದ ಊರು.

ಒಗಟು ಶುರುವಾದದ್ದು ಪರ್ಷಿಯಾದಲ್ಲಿ. 1856ರಲ್ಲಿ ಮುಂಬಯಿಯಿಂದ ಬುಷೇರ್ ಬಂದರಿಗೆ ಹೊರಟ ಸೇನೆಯ ಜೊತೆ ಒಂದು ಅಂಚೆ ಕಚೇರಿಯೂ ಹಡಗು ಹತ್ತಿತು. ದಂಡು ಬೀಡು ಬಿಟ್ಟಲ್ಲಿ ಅದೂ ಬೀಡು ಬಿಡಬೇಕು, ದಂಡು ನಡೆದರೆ ಅದೂ ನಡೆಯಬೇಕು. ಭಾರತದ ರಣರಂಗದ ಅಂಚೆಯ ಮೊದಲ ಹೆಜ್ಜೆ ಇದೆಂದು ಎಣಿಸುತ್ತಾರೆ. ಆಮೇಲೆ 1860ರಲ್ಲಿ ಚೀನಾ, 1867ರಲ್ಲಿ ಅಬಿಸೀನಿಯಾ. 1900ರಲ್ಲಿ ಮತ್ತೆ ಚೀನಾಕ್ಕೆ ದಂಡು ಹೋದಾಗ ಭಾರತದ ಅಂಚೆಚೀಟಿಗಳ ಮೇಲೆಯೇ ‘ಸಿ.ಇ.ಎಫ್.’ (ಚೀನಾ ಎಕ್ಸ್‌ಪೆಡಿಷನರಿ ಫೋರ್ಸ್) ಎಂದು ಅಚ್ಚೊತ್ತಿ ಸಿಪಾಯಿಗಳಿಗೆ ಕೊಟ್ಟರು. ಚೀಟಿ ನಮ್ಮದು, ದರ ನಮ್ಮದು, ನೆಲ ಮಾತ್ರ ಬೇರೆಯವರದು. 1914ರಲ್ಲಿ ಆ ಜಾಗಕ್ಕೆ ‘ಐ.ಇ.ಎಫ್.’ (ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್) ಬಂತು.

ಮೊದಲನೆಯ ಮಹಾಯುದ್ಧದ ಭಾರತೀಯ ಸಿಪಾಯಿಗಳ ಪತ್ರಗಳೆಂದರೆ ಫ್ರಾನ್ಸಿನ ಪತ್ರಗಳೇ ನೆನಪಿಗೆ ಬರುತ್ತವೆ. ಅಲ್ಲಿ ಹೋವೆಲ್ ಎಂಬ ಅಧಿಕಾರಿಯ ಕೈಕೆಳಗೆ ಪತ್ರಗಳನ್ನು ಒಡೆದು ಓದುವ ಕಚೇರಿಯೇ ಇತ್ತು. ಓದಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ವರದಿ ಮಾಡುತ್ತಿದ್ದರು. ಕಣ್ಣಿಡಲೆಂದು ಕೂಡಿಹಾಕಿದ ಆ ಕಾಗದಗಳೇ ಇವತ್ತು ಸಿಪಾಯಿಗಳ ಮನಸ್ಸಿಗೆ ಸಾಕ್ಷಿ. ಆದರೆ ಅವುಗಳಲ್ಲಿ ಪಂಜಾಬಿನವರ ದನಿಯೇ ಹೆಚ್ಚು. ನಮ್ಮ ಕಡೆಯ ಪಲ್ಟನ್‌ಗಳು ಹೋದ ದಾರಿ ಬೇರೆ. 103, 110, 117ನೆಯ ಮರಾಠಾ ಪಲ್ಟನ್‌ಗಳು ಪುಣೆ ಡಿವಿಜನ್ನಿನ ಜೊತೆ ಮೆಸೊಪೊಟೇಮಿಯಾ ಕಡೆ, ಅಂದರೆ ಇಂದಿನ ಇರಾಕಿಗೆ, ಸಾಗಿದವು. 1914ರ ನವೆಂಬರಿನಲ್ಲಿ ಬಸ್ರಾ ಕೈಗೆ ಬಂತು. ಊರಿನ ಕಾಗದ ಮುಂಬಯಿಯಲ್ಲಿ ಹಡಗು ಹತ್ತಿ ಬಸ್ರಾದಲ್ಲಿ ಇಳಿದು, ಅಲ್ಲಿಂದ ಟೈಗ್ರಿಸ್ ನದಿಯಲ್ಲಿ ದೋಣಿ, ಹಬೆಹಡಗುಗಳಲ್ಲಿ ಮೇಲಕ್ಕೆ ಹೋಗಬೇಕು. ದಂಡು ನದಿಯಗುಂಟ ಮುಂದೆ ಮುಂದೆ ಹೋದಷ್ಟೂ ಟಪಾಲಿನ ಚೀಲ ಹಿಂದೆ ಹಿಂದೆ ಉಳಿಯಿತು.

1915ರ ಡಿಸೆಂಬರಿನಲ್ಲಿ ಆ ಸೇನೆ ಕೂಟ್ ಎಂಬಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿತು. ನಾಲ್ಕೂವರೆ ತಿಂಗಳ ಮೇಲಾಯಿತು. ವಿಮಾನದಿಂದ ಹಿಟ್ಟಿನ ಚೀಲ ಕೆಡವಿದರೂ ಹೊಟ್ಟೆ ತುಂಬಲಿಲ್ಲ. 1916ರ ಏಪ್ರಿಲ್ 29ರಂದು ಶರಣಾದರು, ಸಾವಿರಾರು ಜನ ಕೈದಿಗಳಾಗಿ ಮರುಭೂಮಿ ದಾಟಿ ನಡೆದರು. ಅಂಥ ಹೊತ್ತಿನಲ್ಲಿ ಊರಲ್ಲಿದ್ದವರಿಗೆ ಕಾಗದ ಬರಲಿಲ್ಲ ಎಂಬುದೇ ಸುದ್ದಿ. ಓದು ಬಾರದ ಮನೆಗಳಲ್ಲಿ ಬಂದ ಕಾಗದವನ್ನೂ ಶಾಲೆಯ ಮಾಸ್ತರರೋ ಕುಲಕರ್ಣಿಯೋ ಓದಿ ಹೇಳಬೇಕಿತ್ತು. ಅತ್ತ ಸಿಪಾಯಿಯೂ ಬರೆಯಬಲ್ಲವನೊಬ್ಬನ ಮುಂದೆ ಕುಂತು ಹೇಳಿ ಬರೆಸುತ್ತಿದ್ದ. ನಡುವೆ ಸರಕಾರದ ಕಣ್ಣು. ಗಂಡ ಹೆಂಡತಿಯ ಮಾತು ಇಷ್ಟು ಜನರ ಕಿವಿ ದಾಟಿ ಹೋಗಬೇಕಾದಾಗ ‘ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬುದರಾಚೆ ಏನು ಉಳಿದೀತು?

ಎರಡನೆಯ ಮಹಾಯುದ್ಧದಲ್ಲಿ ವೇಗ ಬಂತು. 1941ರಿಂದ ಏರ್‌ಗ್ರಾಫ್ ಎಂಬ ಉಪಾಯ: ಕಾಗದವನ್ನು ಫೋಟೊ ತೆಗೆದು, ಫಿಲ್ಮಿನ ಸುರುಳಿಯನ್ನು ಮಾತ್ರ ವಿಮಾನದಲ್ಲಿ ಕಳಿಸಿ, ಮುಟ್ಟಿದ ಊರಲ್ಲಿ ಮತ್ತೆ ಅಚ್ಚು ಹಾಕಿ ಹಂಚುವುದು. ಭಾರವೆಲ್ಲ ಇಳಿಯಿತು. ಎರಿಟ್ರಿಯಾದ ಕೆರನ್, ಇಟಲಿಯ ಸೆನಿಯೊ ನದಿ, ಹೀಗೆ ಮರಾಠಾ ಪಲ್ಟನ್‌ಗಳು ಕಾದಾಡಿದ ಕಡೆಗೆಲ್ಲ ರಣರಂಗದ ಅಂಚೆ ಹಿಂಬಾಲಿಸಿತು.

ನನಗೆ ಈ ಕಥೆಯಲ್ಲಿ ಅತಿ ಇಷ್ಟವಾಗುವುದು ಸ್ವಾತಂತ್ರ್ಯದ ನಂತರದ ಅಧ್ಯಾಯ. ಗೆಲ್ಲಲು ಹೋಗುತ್ತಿದ್ದ ದಂಡು ಆಗ ಜಗಳ ಬಿಡಿಸಲು ಹೋಗತೊಡಗಿತು. 1953ರಲ್ಲಿ ಕೊರಿಯಾದ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಮರಳಲೊಲ್ಲದ ಕೈದಿಗಳನ್ನು ಏನು ಮಾಡುವುದೆಂದು ನೋಡುವ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಆ ಕೈದಿಗಳನ್ನು ಕಾಯಲು ಭಾರತದಿಂದ ಸುಮಾರು 6,000 ಜನರ ಪಡೆ ಹೋಯಿತು. ಪ್ಯಾರಾಶೂಟ್ ರೆಜಿಮೆಂಟಿನ ಮರಾಠಾ ಬೆಟಾಲಿಯನ್ನೂ ಅದರಲ್ಲಿತ್ತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸಿಪಾಯಿ ತನ್ನ ನೆಲ ತುಳಿಯಕೂಡದೆಂದು ಹಟ ಹಿಡಿದ. ಹಡಗಿನಿಂದಲೇ ಹೆಲಿಕಾಪ್ಟರಿನಲ್ಲಿ ಎತ್ತಿ ನಡುಗಡಿಯ ಪಟ್ಟಿಗೆ ಇಳಿಸಬೇಕಾಯಿತು. ಆ ಬೀಡಿಗೆ ‘ಹಿಂದ್ ನಗರ’ ಎಂದು ಹೆಸರಿಟ್ಟರು. ಅಲ್ಲಿಂದ ಊರಿಗೆ ಬರೆಯುವ ಕಾಗದಕ್ಕೆ ಹಚ್ಚಲು ಹೊಸ ಚೀಟಿ ಬಂತು. ನಮ್ಮ ಮಾಮೂಲು ಅಂಚೆಚೀಟಿಯ ಮೇಲೆ ನಾಗರಿ ಲಿಪಿಯಲ್ಲಿ ‘ಭಾರತೀಯ ಸಂರಕ್ಷಾ ಕಟಕ ಕೊರಿಯಾ’ ಎಂಬ ಅಚ್ಚು. ಮರುವರ್ಷ ಇಂಡೋಚೀನಾಕ್ಕೆ ಮೇಲ್ವಿಚಾರಣೆಗೆ ಹೋದವರಿಗಾಗಿ ಕಾಂಬೋಜ, ಲಾವೋಸ್, ವಿಯೆಟ್ನಾಮ್ ಎಂದು ಬೇರೆ ಬೇರೆ ಅಚ್ಚು. 1962ರಲ್ಲಿ ಕಾಂಗೊ. 1965ರಲ್ಲಿ ಗಾಜಾದಲ್ಲಿದ್ದವರಿಗೆ ನೆಹರೂ ಚಿತ್ರದ 15 ಪೈಸೆ ಚೀಟಿಯ ಮೇಲೆ ವಿಶ್ವಸಂಸ್ಥೆಯ ಪಡೆಯ ಅಕ್ಷರಗಳು. ತಿಮ್ಮಯ್ಯ ಅದೇ ವರ್ಷ ಡಿಸೆಂಬರಿನಲ್ಲಿ, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿರುವಾಗಲೇ ತೀರಿಕೊಂಡರು. ಇವತ್ತು ಈ ಚೀಟಿಗಳು ಸಂಗ್ರಹಕಾರರ ಆಲ್ಬಮ್ಮಿನಲ್ಲಿ ಸಿಗುತ್ತವೆ. ಅವು ಹೊತ್ತು ತಂದ ಕಾಗದಗಳು ಎಷ್ಟು ಅಟ್ಟದ ಮೇಲೆ ಗೆದ್ದಲು ತಿಂದವೋ.

ಅಂಚೆಯ ಈ ದಂಡು ಬಹುಕಾಲ ಸೇನೆಯ ಸರಬರಾಜು ವಿಭಾಗದ ಬಾಲವಾಗಿತ್ತು. 1972ರ ಮಾರ್ಚ್ 1ರಂದು ಅದು ಸ್ವತಂತ್ರ ಕೋರ್ ಆಯಿತು. ಅದರ ತರಬೇತಿ ಕೇಂದ್ರ ನಾಗಪುರದ ಬಳಿಯ ಕಾಮಠಿಯಲ್ಲಿದೆ. ವಿಚಿತ್ರವೆಂದರೆ ಇಲ್ಲಿ ದುಡಿಯುವವರಲ್ಲಿ ಮುಕ್ಕಾಲು ಪಾಲು ಅಂಚೆ ಇಲಾಖೆಯಿಂದ ತಾವಾಗಿ ಒಪ್ಪಿ ಬಂದವರು. ನಿನ್ನೆ ಕೌಂಟರಿನಲ್ಲಿ ಕುಂತು ರಿಜಿಸ್ಟರ್ ಮಾಡುತ್ತಿದ್ದ ಗುಮಾಸ್ತ ಇವತ್ತು ಸಮವಸ್ತ್ರ ತೊಟ್ಟು ಹಿಮದ ನಡುವೆ ಸೀಲು ಹೊಡೆಯುತ್ತಾನೆ. ಅದೇ 1972ರ ಆಗಸ್ಟ್ 15ಕ್ಕೆ ಪಿನ್‌ಕೋಡ್ ಜಾರಿಗೆ ಬಂತು. ದೇಶದ ನೆಲಕ್ಕೆ ಒಂದರಿಂದ ಎಂಟರವರೆಗಿನ ಅಂಕಿ ಹಂಚಿ, ಒಂಬತ್ತನ್ನು ಈ ನೆಲವಿಲ್ಲದ ಅಂಚೆಗೆ ಕೊಟ್ಟರು.

ಹಾಗಾದರೆ ಕಾಗದ ಹೋಗುವುದೆಲ್ಲಿಗೆ? 56 ಎಪಿಓ ಎಂದು ಬರೆದದ್ದು ದೆಹಲಿಯ ಕೇಂದ್ರ ಮೂಲ ಅಂಚೆ ಕಚೇರಿಗೆ, 99 ಎಪಿಓ ಎಂದದ್ದು ಕೋಲ್ಕತ್ತದ ಕಚೇರಿಗೆ. ಅಲ್ಲಿ ಊರಿನ ಪ್ರಕಾರ ಅಲ್ಲ, ಪಲ್ಟನ್ನಿನ ಪ್ರಕಾರ ವಿಂಗಡಣೆ. ಯಾವ ಪಲ್ಟನ್ ಇವತ್ತು ಎಲ್ಲಿದೆ ಎಂಬ ಪಟ್ಟಿ ಅವರ ಬಳಿ ಇರುತ್ತದೆ, ಅದು ಗುಟ್ಟು. ಒಂದೇ ಕಚೇರಿಯ ವ್ಯಾಪ್ತಿಯೊಳಗೆ ಪಲ್ಟನ್ ಜಾಗ ಬದಲಿಸಿದರೆ ಪಟ್ಟಿ ಬದಲಾಗುತ್ತದೆ, ಚಚಡಿಯ ತಾಯಿ ಬರೆಯುವ ವಿಳಾಸ ಬದಲಾಗುವುದಿಲ್ಲ. ದರವೂ ಅಷ್ಟೆ: ಹುಡುಗ ಕಡಲಾಚೆ ಇದ್ದರೂ ಹಚ್ಚುವುದು ಒಳನಾಡಿನ ಚೀಟಿ.

ರಾಯಭಾರ ಕಚೇರಿಯವರಿಗೆ ಈ ಭಾಗ್ಯವಿಲ್ಲ. ಅವರ ಚೀಲಕ್ಕೆ ಮರ್ಯಾದೆ ಹೆಚ್ಚು: 1961ರ ವಿಯೆನ್ನಾ ಒಪ್ಪಂದದ 27ನೆಯ ಕಲಮಿನಂತೆ ಅದನ್ನು ಯಾವ ದೇಶವೂ ತೆರೆಯುವಂತಿಲ್ಲ, ತಡೆಯುವಂತಿಲ್ಲ. ಆದರೆ ಅದೇ ಕಲಮಿನ ಪ್ರಕಾರ ಚೀಲದೊಳಗೆ ಇರಬೇಕಾದದ್ದು ಕಚೇರಿಯ ಕಾಗದಪತ್ರ, ಕಚೇರಿಯ ಬಳಕೆಯ ಸಾಮಾನು ಮಾತ್ರ. ಸಿಬ್ಬಂದಿಯ ಮನೆಪತ್ರಗಳೂ ಅದರೊಳಗೆ ನುಸುಳುವುದು ಹಲವು ದೇಶಗಳಲ್ಲಿ ರೂಢಿಯಿಂದ ಬಂದದ್ದು, ಹಕ್ಕಿನಿಂದಲ್ಲ.

ಈಗ ಹುಡುಗ ರಾತ್ರಿ ವಾಟ್ಸ್‌ಆ್ಯಪಿನಲ್ಲಿ ಮುಖ ತೋರಿಸುತ್ತಾನೆ. ತಾರು 2013ರಲ್ಲೇ ನಿಂತಿತು. ಹಾಗಂತ ಅಂಚೆಯ ಚೀಲ ಬರಿದಾಗಿಲ್ಲ. ರಾಖಿ, ಪಾರ್ಸೆಲ್, ಬ್ಯಾಂಕಿನ ಕಾರ್ಡು, ಕೋರ್ಟಿನ ನೋಟಿಸು ಅದರಲ್ಲೇ ಹೋಗಬೇಕು. ಚುನಾವಣೆ ಬಂದಾಗ ಮತವೂ. 2016ರ ತಿದ್ದುಪಡಿಯ ನಂತರ ಸೈನಿಕರಿಗೂ, ವಿದೇಶದಲ್ಲಿ ಸರಕಾರಿ ನೌಕರಿಯಲ್ಲಿರುವವರಿಗೂ ಮತಪತ್ರ ಗಣಕಯಂತ್ರದ ಮೂಲಕ ಕ್ಷಣದಲ್ಲಿ ಮುಟ್ಟುತ್ತದೆ. ಅದನ್ನು ಅಚ್ಚು ತೆಗೆದು, ಗುರುತು ಹಾಕಿ, ಒಂದರೊಳಗೊಂದು ಲಕೋಟೆಯಲ್ಲಿಟ್ಟು ಹಿಂದಿರುಗಿಸುವುದು ಮಾತ್ರ ಅಂಚೆಯಲ್ಲೇ, ಚೀಟಿ ಹಚ್ಚದೆ. ಎಣಿಕೆ ಶುರುವಾಗುವ ಹೊತ್ತಿನೊಳಗೆ ಮುಟ್ಟದಿದ್ದರೆ ಆ ಮತ ಲೆಕ್ಕಕ್ಕಿಲ್ಲ. ಲೋಕಸಭೆಯ ಚುನಾವಣೆಯಲ್ಲಿ ಇದಕ್ಕೊಂದು ನಮ್ಮ ಕಡೆಯ ತಿರುವೂ ಇದೆ. ಚಚಡಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಬೆಳಗಾವಿ ಕ್ಷೇತ್ರಕ್ಕೆ ಸೇರಿದರೆ, ಪಕ್ಕದ ಕಿತ್ತೂರು ಉತ್ತರ ಕನ್ನಡಕ್ಕೆ ಸೇರಿದೆ. ಲೆಬನಾನ್‌ನ ಒಂದೇ ಡೇರೆಯಲ್ಲಿ ಮಲಗುವ ಇಬ್ಬರು ಒಂದೇ ದಿನ ಮತ ಹಾಕಿದರೂ ಬೈಲಹೊಂಗಲದವನ ಲಕೋಟೆ ಬೆಳಗಾವಿಗೆ ಹೋಗುತ್ತದೆ, ಕಿತ್ತೂರಿನವನದು ಘಟ್ಟ ಇಳಿದು ಕಾರವಾರಕ್ಕೆ.